ಎದೆಯ ಮಟ್ಟದ ಬಿಲ್ಲೆಗಳು

ನಮ್ಮ ಆಫೀಸಿನಲ್ಲಿ ಮನುಷ್ಯನನ್ನು ನೋಡುವುದಕ್ಕೆ ಇರುವುದು ಒಂದೇ ಜಾಗ, ಅವನ ಕಾಲ ಬುಡ. ಅಂಗಾತ ಮಲಗಿದವನ ಪಾದದ ಬಳಿ ನಿಂತು ತಲೆಯ ಕಡೆಗೆ ಕಣ್ಣು ಹಾಯಿಸಿದರೆ ದೇಹ ಹೇಗೆ ಕಾಣಬೇಕೋ, ಸ್ಕ್ಯಾನಿನ ಅಡ್ಡ ಹೋಳುಗಳು ಹಾಗೆ ಕಾಣುತ್ತವೆ. ಆದ್ದರಿಂದ ಅವನ ಬಲಗಡೆಯ ಲಿವರು ನಮ್ಮ ಎಡಕ್ಕೆ, ಅವನ ಎಡಗಡೆಗೆ ವಾಲಿದ ಹೃದಯ ನಮ್ಮ ಬಲಕ್ಕೆ ಬರುತ್ತದೆ. ಆಸ್ಪತ್ರೆಗಳಲ್ಲಿ ಇದು ರೂಢಿ. ನನಗೆ ಇದನ್ನು ಕಲಿಸಿದವರು ಮಾತ್ರ ರೂಢಿ ಎನ್ನುತ್ತಿರಲಿಲ್ಲ, ನಮಸ್ಕಾರ ಎನ್ನುತ್ತಿದ್ದರು.

“ದೊಡ್ಡವರ ಕಾಲಿಗೆ ಬೀಳ್ತೀರಲ್ಲ, ಏಳೋವಾಗ ಅಲ್ಲಿಂದ್ಲೇ ತಲೆ ಎತ್ತಿ ನೋಡಿ. ಏನು ಕಾಣತ್ತೋ ಅದೇ ಕಣ್ರೋ ಆಕ್ಸಿಯಲ್ ವ್ಯೂ. ಮೊದ್ಲು ನಮಸ್ಕಾರ, ಆಮೇಲೆ ಒಳಗೆ ಪ್ರವೇಶ.”

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಅಮೆರಿಕನ್ ಮ್ಯಾನೇಜರನ ಬಾಯಲ್ಲೂ ಅವರು ಮೇಡಂ. ಮೈಸೂರಿನಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಅಂಗರಚನೆ ಕಲಿಸಿ ನಿವೃತ್ತರಾಗಿ, ಮಗಳು ಇಲ್ಲಿ, ಅಮೆರಿಕದಲ್ಲಿ ಇದ್ದಾಳೆಂದು ಗಂಡನ ಜೊತೆ ಫ್ರೀಮಾಂಟಿಗೆ ಬಂದು, ಮಗಳ ಮನೆಯ ಹತ್ತಿರವೇ ಒಂದು ಅಪಾರ್ಟ್‌ಮೆಂಟು ಹಿಡಿದಿದ್ದರು. ರೆಡ್‌ವುಡ್ ಸಿಟಿಯ ದೊಡ್ಡ ದೊಡ್ಡ ಗಾಜಿನ ಕಟ್ಟಡಗಳ ಬೆನ್ನಿಗೆ ಇರುವ ನಮ್ಮ ಸಣ್ಣ ಕಂಪನಿಯಲ್ಲಿ ಅವರಿಗೆ ಅರೆಕಾಲಿಕ ಕೆಲಸ ಸಿಕ್ಕಿತು. ನಾವು ತಯಾರಿಸುವ ಸಾಫ್ಟ್‌ವೇರು ಬ್ರೌಸರಿನಲ್ಲೇ ತೆರೆಯುತ್ತದೆ. ಮನುಷ್ಯ ದೇಹವನ್ನು ನೆತ್ತಿಯಿಂದ ಕೆಳಗಿನವರೆಗೆ ತೆಳ್ಳನೆಯ ಹೋಳುಗಳಾಗಿ ತೋರಿಸುತ್ತದೆ. ಮೌಸಿನ ಗಾಲಿ ತಿರುಗಿಸಿದರೆ ಒಂದು ಹೋಳಿನಿಂದ ಇನ್ನೊಂದಕ್ಕೆ ಇಳಿಯಬಹುದು. ಯಾವುದಾದರೂ ಬೂದು ಮಚ್ಚೆಯನ್ನು ಒತ್ತಿದರೆ ಅದರ ಹೆಸರು ಮೂಡುತ್ತದೆ. ಆ ಹೆಸರು ಸರಿಯೋ ತಪ್ಪೋ ನೋಡುವುದು ಮೇಡಂ ಕೆಲಸ. ನನ್ನದು ಪ್ರೋಗ್ರಾಮ್ ಬರೆಯುವ ಕೆಲಸ.

ಹೋಳು ಎನ್ನುವುದು ನನ್ನ ಮಾತು. ಅವರು ಬಿಲ್ಲೆ ಎನ್ನುತ್ತಿದ್ದರು, ಸೌತೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿದಾಗ ಬೀಳುವ ಬಿಲ್ಲೆಯ ಹಾಗೆ.

ಆ ಬಿಲ್ಲೆಗಳ ನಡುವೆ ತಮ್ಮ ದೇಹವೂ ಸೇರಬೇಕೆಂದು ಒಂದು ಹಂತದಲ್ಲಿ ಅವರಿಗೆ ಆಸೆಯಾಯಿತು. ಅವರ ಬಗ್ಗೆ ಬರೆಯಹೊರಟರೆ ಆ ಆಸೆಯ ಸುತ್ತಲೇ ಬರೆಯಬೇಕಾಗುತ್ತದೆ. ನಾನು ಕಂಡಷ್ಟನ್ನು, ಕಂಡ ಹಾಗೆ ಹೇಳುತ್ತೇನೆ. ಅವರು ನಗುತ್ತಿದ್ದುದೇ ಹೆಚ್ಚಾದ್ದರಿಂದ ಇದರಲ್ಲಿ ನಗುವೇ ಹೆಚ್ಚಿದ್ದರೆ ಅದು ನನ್ನ ತಪ್ಪಲ್ಲ. ಆ ನಗು ಭುಜದಲ್ಲಿ ಶುರುವಾಗುತ್ತಿತ್ತು. ಮೊದಲು ಭುಜ ಕುಣಿಯುತ್ತಿತ್ತು, ಆಮೇಲೆ ಕನ್ನಡಕ, ಎಲ್ಲಕ್ಕಿಂತ ಕೊನೆಗೆ ಸದ್ದು.

ಅವರು ಸೇರಿದ ಹೊಸತರಲ್ಲೇ ನಮ್ಮ ತಂಡದ ಒಂದು ಜಾಣತನ ಅವರ ಕಣ್ಣಿಗೆ ಬಿತ್ತು. ಒಂದೇ ಚಿತ್ರದಲ್ಲಿ ಒಂದೇ ಹೆಸರು ಎರಡು ಕಡೆ ಬಂದರೆ ಅದು ಡೂಪ್ಲಿಕೇಟ್ ಎಂದು ತೀರ್ಮಾನಿಸಿ ಒಂದನ್ನು ಅಳಿಸಿಬಿಡುವಂತೆ ಯಾರೋ ಪ್ರೋಗ್ರಾಮಿನಲ್ಲಿ ಬರೆದಿದ್ದರು. ಡೇಟಾಬೇಸ್ ಜನಕ್ಕೆ ಇದಕ್ಕಿಂತ ಸಹಜವಾದ ಕೆಲಸ ಇನ್ನೊಂದಿಲ್ಲ. ಪರಿಣಾಮವಾಗಿ ಎದೆಯ ಮಟ್ಟದಲ್ಲಿ ಮಹಾಧಮನಿ ಎರಡು ಕಡೆ ಕಾಣಬೇಕಾದಲ್ಲಿ ಒಂದು ಕಡೆ ಅನಾಮಧೇಯವಾಗಿ ಉಳಿದಿತ್ತು.

ಮೇಡಂ ತಮ್ಮ ಚೀಲದಿಂದ ಡಬ್ಬಿ ತೆಗೆದರು. ಡಬ್ಬಿಯಿಂದ ಒಂದು ಕೋಡುಬಳೆ ತೆಗೆದರು. ಅದನ್ನು ಅರ್ಧ ಮುರಿದು, ಕಮಾನಿನ ಹಾಗೆ ಮೇಲಕ್ಕೆತ್ತಿ ಹಿಡಿದರು.

“ಇದನ್ನ ಇಲ್ಲಿ ಅಡ್ಡಕ್ಕೆ ಕೊಯ್ದ್ರೆ ಎಷ್ಟು ಬಿಲ್ಲೆ ಕಾಣತ್ತೆ?” ಎಂದು ನನ್ನನ್ನು ಕೇಳಿದರು.

“ಎರಡು ಮೇಡಂ.”

“ಕೋಡುಬಳೆ ಎಷ್ಟು?”

“ಒಂದೇ.”

“ಹಂಗಾದ್ರೆ ಒಂದು ಬಿಲ್ಲೆ ಡೂಪ್ಲಿಕೇಟು ಅಂತ ಎಸೆದ್ಬಿಡ್ಲಾ?” ಎಂದು ಕಮಾನಿನ ಒಂದು ಕಾಲನ್ನು ಮುರಿದು ಬಾಯಿಗೆ ಹಾಕಿಕೊಂಡರು. “ಹೃದಯದಿಂದ ಮೇಲೆ ಹೋಗತ್ತೆ, ಬಾಗತ್ತೆ, ಕೆಳಗಿಳಿಯತ್ತೆ. ಹೋಗೋ ದಾರೀನೂ ಅದೇ, ಬರೋ ದಾರೀನೂ ಅದೇ. ನೀನು ಡಂಬಾರ್ಟನ್ ಬ್ರಿಜ್ಜಲ್ಲಿ ಬೆಳಿಗ್ಗೆ ಹೋಗಿ ಸಾಯಂಕಾಲ ಬಂದ್ರೆ ಇಬ್ರಾಗ್ತೀಯೇನಯ್ಯ?”

ಉಳಿದ ಕೋಡುಬಳೆಗಳನ್ನು ನಾವು ತಿಂದೆವು. ಅಳಿಸುವ ಪ್ರೋಗ್ರಾಮನ್ನು ಅಳಿಸಿದೆವು.

ಎಡ–ಬಲದ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಹೊಸಬರು ಯಾರೇ ಬಂದರೂ ಅವರ ನಮಸ್ಕಾರದ ಪಾಠ ಆಗಲೇಬೇಕು. ಆ ಪಾಠಕ್ಕೆ ಒಂದು ದೇಹ ಬೇಕು. ನಾನು ಉಡುಪಿ ಕಡೆಯವನು, ತೆಳ್ಳಗೆ ಉದ್ದಕ್ಕಿದ್ದೇನೆ, ಮೀಟಿಂಗ್ ರೂಮಿನ ಮೇಜಿಗೆ ಸರಿಯಾಗಿ ಹೊಂದುತ್ತೇನೆ. ಹಾಗಾಗಿ ಮೇಜಿನ ಮೇಲೆ ಅಂಗಾತ ಮಲಗುವ ಕೆಲಸ ನನ್ನ ಪಾಲಿಗೆ ಬಂತು. ಒಮ್ಮೆ ನಾನು ಹಾಗೆ ಮಲಗಿ, ಇಬ್ಬರು ಹೊಸ ಹುಡುಗರು ಕೈ ಮುಗಿದುಕೊಂಡು ನನ್ನ ಸಾಕ್ಸಿನ ಬಳಿ ಬಾಗಿ ನಿಂತು, ಮೇಡಂ “ಈಗ ಇವನ ಲಿವರು ನಿಮ್ಮ ಯಾವ ಕೈ ಕಡೆ?” ಎಂದು ಕೇಳುತ್ತಿರುವಾಗ ಮ್ಯಾನೇಜರು ಹೊರಗಿನ ಗ್ರಾಹಕರೊಬ್ಬರನ್ನು ಕರೆದುಕೊಂಡು ಒಳಗೆ ಬಂದ. ಮೇಜಿನ ಮೇಲೆ ಮಲಗಿದವನಿಗೆ ಏನಾಗಿದೆ ಎಂದು ಆ ಗ್ರಾಹಕರು ಗಾಬರಿಯಿಂದ ಕೇಳಿದರು. ಮೇಡಂ ತಡವರಿಸದೆ, ಏನೂ ಆಗಿಲ್ಲ, ಇನ್ನೂ ಕೊಯ್ದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ಗ್ರಾಹಕರೂ ಕಾಲ ಬುಡಕ್ಕೆ ಬಂದು ನಿಂತರು. ಅವತ್ತೇ ನಮ್ಮ ಸಾಫ್ಟ್‌ವೇರನ್ನು ತಮ್ಮ ಕಾಲೇಜಿಗೆ ತೆಗೆದುಕೊಳ್ಳುವುದಾಗಿ ಒಪ್ಪಿದರು.

ನಾನೂ ಫ್ರೀಮಾಂಟಿನಲ್ಲೇ ಇರುವುದರಿಂದ ಬೆಳಿಗ್ಗೆ ಅವರನ್ನು ಕಾರಿನಲ್ಲಿ ಡಂಬಾರ್ಟನ್ ಸೇತುವೆ ದಾಟಿ ಆಫೀಸಿಗೆ ಕರೆದೊಯ್ಯುತ್ತಿದ್ದೆ. ಕಾರಿನಲ್ಲೂ ಅವರು ಒಳಗೇ ಇರುತ್ತಿದ್ದರು, ದೇಹದೊಳಗೆ. ಫ್ರೀವೇ ಎರಡಾಗಿ ಸೀಳುವ ಕಡೆ ಬಂದರೆ, “ಹೊಕ್ಕುಳ ಬಂತು, ಧಮನಿ ಎರಡಾಗತ್ತೆ, ಎಡಗಾಲಿಗೆ ಹೋಗು,” ಎನ್ನುತ್ತಿದ್ದರು. ನಾನು ಎಡಗಾಲಿಗೆ ಹೋಗುತ್ತಿದ್ದೆ. ಬೆನ್ನುಮೂಳೆಯ ಬಿಲ್ಲೆ ನನ್ನ ಕಣ್ಣಿಗೆ ಕಿರೀಟ ಕಟ್ಟಿದ ಯಕ್ಷಗಾನದ ವೇಷದ ಹಾಗೆ ಕಾಣುತ್ತದೆ ಎಂದು ಒಂದು ದಿನ ಹೇಳಿದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ಆಫೀಸಿಗೆ ಹೋದವರೇ ಕೊರಳಿನಿಂದ ಸೊಂಟದವರೆಗೆ ಮೂಳೆಗಳನ್ನು ಒಂದೊಂದಾಗಿ ತೋರಿಸುತ್ತಾ, “ಇದು ಬಾಲಗೋಪಾಲ ವೇಷ, ಇದು ಸ್ತ್ರೀವೇಷ, ಸೊಂಟಕ್ಕೆ ಬಂದ ಮೇಲೆ ನೋಡು, ರಾಕ್ಷಸನ ಬಣ್ಣದ ವೇಷ ಬಂತು ಮಾರಾಯ!” ಎಂದು ನನ್ನ ಊರಿನ ಮಾತನ್ನು ನನಗೇ ತಿರುಗಿಸಿದರು.

ಇಷ್ಟೆಲ್ಲ ಸಂಭ್ರಮದ ನಡುವೆ ಅವರಿಗೆ ಒಂದು ಕೊರತೆ ಇತ್ತು. ನಮ್ಮ ಬಳಿ ಇದ್ದದ್ದು ಇಬ್ಬರು ಗಂಡಸರ ದೇಹ ಮಾತ್ರ. ಇಬ್ಬರೂ ಭಾರಿ ಆಳುಗಳು.

“ಇವರ ಮೂಳೆ ಕಿಟಕಿ ಸರಳಿನ ಹಂಗಿದೆ,” ಎನ್ನುತ್ತಿದ್ದರು. “ನಮ್ಮೂರ ಹೆಂಗಸಿನ ಒಳಗೆ ಜಾಗವೇ ಕಮ್ಮಿ. ಎಲ್ಲ ಒತ್ತಿಕೊಂಡು, ಸರಿದುಕೊಂಡು, ಬಸ್ಸಲ್ಲಿ ನಿಂತ ಹಂಗೆ ನಿಂತಿರತ್ತೆ. ನಾನು ಸರ್ವಿಸ್ ಪೂರ್ತಿ ಇಂಥ ದೊಡ್ಡ ಗಂಡಸರನ್ನ ತೋರಿಸೇ ಪಾಠ ಹೇಳಿದೀನಿ. ಒಬ್ಬಳಾದ್ರೂ ಸಣ್ಣ ಹೆಂಗಸು ಬೇಕು ಕಣಯ್ಯ ಇದರಲ್ಲಿ.”

ಕಂಪನಿ ಹುಡುಕಿತು. ನಮಗೆ ಬೇಕಾದಂಥದ್ದು ಸಿಗಲಿಲ್ಲ.

ಅಪಘಾತವಾದದ್ದು ಒಂದು ಬೆಳಿಗ್ಗೆ, ಆಫೀಸಿಗೆ ಹೋಗುವಾಗ. ಸೇತುವೆ ಇನ್ನೂ ಶುರುವಾಗಿರಲಿಲ್ಲ. ಮುಂದೆ ಕಾರುಗಳು ನಿಂತಿದ್ದವು. ನಾನೂ ನಿಲ್ಲಿಸಿದೆ. ಹಿಂದಿನ ಕಾರು ನಿಲ್ಲಲಿಲ್ಲ. ಸದ್ದು ಮೊದಲು ಬಂತೋ ನನ್ನ ಕತ್ತು ಮೊದಲು ಮುಂದೆ ಹೋಯಿತೋ ಹೇಳಲಾರೆ. ಪಕ್ಕಕ್ಕೆ ತಿರುಗಿದಾಗ ಮೇಡಂ ಕಣ್ಣು ಮುಚ್ಚಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾರೆ ಎಂದುಕೊಂಡೆ. ಕಿವಿ ಹತ್ತಿರ ಒಯ್ದರೆ, “ಪಕ್ಕೆಲುಬು ಸರಿಯಾಗಿದೆ. ಉಸಿರು ಎರಡೂ ಕಡೆ ಬರ್ತಿದೆ. ಹೊಟ್ಟೆ ಮೆತ್ತಗಿದೆ,” ಎನ್ನುತ್ತಿದ್ದರು. ತಮ್ಮನ್ನು ತಾವೇ ಒಂದೊಂದಾಗಿ ಪರೀಕ್ಷಿಸಿಕೊಳ್ಳುತ್ತಿದ್ದರು.

ಆಂಬುಲೆನ್ಸಿನವರು ಅವರ ಕುತ್ತಿಗೆಗೆ ಗಟ್ಟಿ ಪಟ್ಟಿ ಕಟ್ಟಿ ಎತ್ತಿಕೊಂಡು ಹೋದರು. ವಯಸ್ಸಾದವರು, ಬೆನ್ನಿನಲ್ಲಿ ನೋವಿದೆ ಅನ್ನುತ್ತಿದ್ದಾರೆ ಎಂದು ಆಸ್ಪತ್ರೆಯಲ್ಲಿ ತಲೆಯಿಂದ ತೊಡೆಯವರೆಗೆ ಸ್ಕ್ಯಾನ್ ಮಾಡಿದರು. ಏನೂ ಮುರಿದಿರಲಿಲ್ಲ. ನನಗೂ ಏನೂ ಆಗಿರಲಿಲ್ಲ. ನಾನು ಅವರ ಹಾಸಿಗೆಯ ಪಕ್ಕ ನೀರಿನ ಲೋಟ ಹಿಡಿದು ಕೂತಿದ್ದಾಗ ಅವರ ಯಜಮಾನರು ಓಡಿಬಂದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ದಿನಾ ಸಂಧ್ಯಾವಂದನೆ ಮಾಡುವವರು. ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡು ಬಂದಿದ್ದರು.

“ಏನಾಯ್ತೇ?”

“ಏನೂ ಆಗಿಲ್ಲ ರೀ,” ಎಂದರು ಮೇಡಂ, ಪಟ್ಟಿಯೊಳಗಿಂದ ಕಣ್ಣು ಮಾತ್ರ ಹೊರಳಿಸಿ. ಮುಖ ಹಬ್ಬದ ಹಾಗಿತ್ತು. “ಪೂರ್ತಿ ಬಿಲ್ಲೆ ಮಾಡಿದಾರೆ! ನೆತ್ತಿಯಿಂದ!”

ಯಜಮಾನರು ಗೋಡೆ ಹಿಡಿದುಕೊಂಡರು. ನಾನು ಲೋಟ ಕೆಳಗಿಟ್ಟು ಅವರನ್ನು ಹಿಡಿದುಕೊಂಡೆ.

ನರ್ಸು ಬಂದಾಗ ಮೇಡಂ ಕೇಳಿದ ಮೊದಲ ಪ್ರಶ್ನೆ, ಯಾವಾಗ ಮನೆಗೆ ಹೋಗಬಹುದು ಎಂದಲ್ಲ, ಎಷ್ಟು ದಪ್ಪದ ಬಿಲ್ಲೆ ಕೊಯ್ದಿರಿ ಎಂದು. ಎರಡನೆಯದು, ಸಿಡಿ ಕೊಡುತ್ತೀರಾ ಎಂದು. ಸಿಡಿಯನ್ನು ಎದೆಗವಚಿಕೊಂಡೇ ಅವರು ಗಾಲಿಕುರ್ಚಿಯಲ್ಲಿ ಹೊರಗೆ ಬಂದದ್ದು. “ಸಣ್ಣ ಹೆಂಗಸು ಸಿಕ್ಕಿದಳು ಕಣಯ್ಯ,” ಎಂದರು ನನಗೆ.

ಆ ಸ್ಕ್ಯಾನನ್ನು ನಮ್ಮ ಬಿಲ್ಲೆಗಳ ಜೊತೆ ಸೇರಿಸಲು ಅವರದೊಂದೇ ಸಹಿ ಸಾಕೆಂದು ಕಂಪನಿಯ ವಕೀಲರು ಹೇಳಿದರು. ಅವರು ಇಡೀ ಸ್ಕ್ಯಾನಿಗೆ ಸಹಿ ಹಾಕಿಯೂ ಕೊಟ್ಟರು. ಆದರೂ ಯಜಮಾನರು ಹ್ಞೂಂ ಎನ್ನುವ ತನಕ ಹಾಕಬೇಡಿ ಎಂದರು. ಯಜಮಾನರು ಊಹ್ಞೂಂ ಎಂದರು.

ಅವರ ಮನೆಯ ಅಡುಗೆಮನೆಯಲ್ಲಿ ನಡೆದ ಆ ವಾದಕ್ಕೆ ನಾನು ಸಾಕ್ಷಿ. ನಿವೃತ್ತಿಯ ಮೇಲೆ ಅಡುಗೆ ಯಜಮಾನರದ್ದು. ಅವರು ಸೌಟು ಹಿಡಿದೇ ಮಾತಾಡಿದರು.

“ಮನೆ ಹೆಂಗಸಿನ ಹೊಟ್ಟೆಯೊಳಗೆ ಯಾವನೋ ಓಕ್ಲೆಂಡಿನ ಹುಡುಗ ಕೈಯಾಡಿಸೋದಾ?”

“ಕೈ ಅಲ್ಲ ರೀ, ಮೌಸು.”

“ನಿನ್ನ ಗುರುತು ಹಿಡಿದ್ರೆ?”

“ಮುಖ ಅಳಿಸಿಬಿಡ್ತಾರೆ. ಕಿವಿ, ಮೂಗು, ತುಟಿ, ಎಲ್ಲ.”

“ಮುಖ ಒಂದು ಮುಚ್ಕೊಂಡು ಮಿಕ್ಕಿದ್ದೆಲ್ಲ ತೋರಿಸ್ತೀಯ! ಇದು ಯಾವ ಸೀಮೆ ಮಾನ?” ಎಂದು ನನ್ನ ಕಡೆ ತಿರುಗಿದರು. “ನೀನೂ ನೋಡಿದ್ಯೇನಪ್ಪ?”

ನಾನು ಸಾರಿನ ಪಾತ್ರೆ ನೋಡುತ್ತಾ, ಇನ್ನೂ ತೆರೆದಿಲ್ಲ ಎಂದೆ. ಅದು ನಿಜವೂ ಆಗಿತ್ತು. ಯಜಮಾನರ ಜೊತೆಗೇ ಮೊದಲ ಸಲ ನೋಡಬೇಕೆಂದು ಮೇಡಂ ಸಿಡಿಯನ್ನು ದೇವರ ಮುಂದೆ ಇಟ್ಟಿದ್ದರು.

ಆ ದಿನ ಬಂದದ್ದು ಭೀಮನ ಅಮಾವಾಸ್ಯೆಯಂದು. ಭಾನುವಾರವೂ ಆಗಿತ್ತು, ನನ್ನನ್ನು ಊಟಕ್ಕೆ ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಬೆಳಗಿನ ಪೂಜೆ ಮುಗಿದಿತ್ತು. ಮೈಸೂರಿನ ಮನೆಗಳಲ್ಲಿ ಆ ದಿನ ಹೆಂಡತಿ ಗಂಡನ ಪಾದ ಪೂಜಿಸುತ್ತಾಳೆ. ಯಜಮಾನರ ಕಾಲಬೆರಳಿನ ಸಂದಿಯಲ್ಲಿ ಅರಿಸಿನ ಇನ್ನೂ ಇತ್ತು. ಊಟವಾದ ಮೇಲೆ ಮೇಡಂ ಟೀವಿಯ ದೊಡ್ಡ ತೆರೆಗೆ ಲ್ಯಾಪ್‌ಟಾಪು ಜೋಡಿಸಲು ಹೇಳಿದರು. ನಾನು ಸ್ಕ್ಯಾನನ್ನು ನಮ್ಮ ಸಾಫ್ಟ್‌ವೇರಿಗೆ ಏರಿಸಿದೆ. ಮೌಸನ್ನು ಗಂಡನ ಕೈಗೆ ಕೊಟ್ಟು ಮೇಡಂ ಹೇಳಿದರು:

“ಮದುವೆಯಾದಾಗಿನಿಂದ ಪ್ರತಿ ವರ್ಷ ಇವತ್ತಿನ ದಿನ ನಾನು ನಿಮ್ಮ ಕಾಲ ಹತ್ರ ಕೂತಿದೀನಿ. ಈಗ ನೀವು ನನ್ನ ಕಾಲ ಹತ್ರ ನಿಂತಿದೀರಿ ಅಂತ ತಿಳ್ಕೊಳ್ಳಿ. ನನ್ನ ಹೃದಯ ನಿಮ್ಮ ಬಲಗಡೆ ಕಾಣತ್ತೆ.”

ಯಜಮಾನರು ಮೌಸಿನಿಂದ ಕೈ ತೆಗೆದರು. ಸಿಟ್ಟಿನಿಂದಲ್ಲ. ಬಿಸಿ ತಾಗಿದವರ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ವಾಲಿ, ಹೆಂಡತಿಗೆ ಕೇಳಿಸದಂತೆ ಕೇಳಿದರು: “ತಲೆ ಕಡೆಯಿಂದ ತೋರಿಸೋದಕ್ಕೆ ಆಗಲ್ವೇನಪ್ಪ?”

ಆಗುತ್ತದೆ. ಮೆದುಳಿನ ಕೆಲಸ ಮಾಡುವ ಕೆಲವರು ಹಾಗೆ ನೋಡುತ್ತಾರೆಂದು ಒಂದು ಗುಂಡಿ ಇಟ್ಟಿದ್ದೇವೆ. ಒತ್ತಿದೆ. ಚಿತ್ರ ಮಗುಚಿತು. ಯಜಮಾನರು ಈಗ ಹೆಂಡತಿಯ ತಲೆಯ ಬಳಿ, ಅವರಿಗೆ ಸರಿಯೆನಿಸಿದ ಜಾಗದಲ್ಲಿ ನಿಂತಿದ್ದರು. ತೆರೆಯ ಮೇಲೆ ಎದೆಯ ಕೆಳತುದಿ ಇತ್ತು, ಅಲ್ಲಿಂದ ಕೆಳಕ್ಕೆ ಗಾಲಿ ತಿರುಗಿಸಿದರು. ಬಲಗಡೆಯೇ ನೋಡಿದರು. ಶ್ವಾಸಕೋಶದ ಕತ್ತಲು. ಇನ್ನಷ್ಟು ತಿರುಗಿಸಿದರು. ಬಲಗಡೆ ಲಿವರು ಬಂತು. ಅವರ ಮುಖ ಬಿಳಿಚಿಕೊಂಡಿತು.

“ಎಲ್ಲೇ ನಿನ್ನ ಹೃದಯ?”

“ಬೆಳಿಗ್ಗೆ ಪೂಜೆ ಹೊತ್ತಲ್ಲಿ ಇತ್ತು ರೀ,” ಎಂದರು ಮೇಡಂ. ಭುಜ ಕುಣಿಯಲು ಶುರುವಾಗಿತ್ತು.

“ತಮಾಷೆ ಮಾಡಬೇಡ! ನೋಡಪ್ಪಾ, ಇವಳದ್ದು ಬಲಗಡೆ ಇಲ್ಲವೇ ಇಲ್ಲ!”

ನಾನು ಗುಂಡಿಯ ವಿಷಯ ಹೇಳಬೇಕಾಯಿತು. ಮೇಡಂ ಸೋಫಾದ ದಿಂಬಿಗೆ ಮುಖ ಒತ್ತಿಕೊಂಡು ನಕ್ಕರು. ಯಜಮಾನರು ಕುರ್ಚಿಯನ್ನು ತೆರೆಯ ಹತ್ತಿರ ಎಳೆದುಕೊಂಡರು. ಆಮೇಲೆ, “ತಿರುಗಿಸಪ್ಪಾ,” ಎಂದರು. “ಕಾಲ ಹತ್ರಾನೇ ನಿಂತ್ಕೋತೀನಿ. ಹೃದಯ ಸಿಕ್ಕಿದ್ರೆ ಸಾಕು.”

ಅವರು ತೊಡೆಯ ಕಡೆಯಿಂದ ಮೇಲಕ್ಕೆ ಹೊರಟರು, ಒಂದೊಂದೇ ಬಿಲ್ಲೆ. ಅಷ್ಟು ನಿಧಾನವಾಗಿ ಆ ಗಾಲಿ ತಿರುಗಿಸಿದವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಪ್ರತಿಯೊಂದಕ್ಕೂ ಹೆಸರು ಕೇಳಿದರು. ಎಡ ಮೂತ್ರಪಿಂಡ ಬಲದ್ದಕ್ಕಿಂತ ಮೇಲಿದೆ, ಇದು ಸರಿಯೇ ಎಂದು ವಿಚಾರಿಸಿ, ಸರಿ ಎಂದ ಮೇಲೆಯೇ ಮುಂದೆ ಹೋದರು. ಹೊಟ್ಟೆಯ ಮಟ್ಟದಲ್ಲಿ ನಿಂತರು.

“ಈ ಚೀಲದಲ್ಲಿ ಏನೋ ಇದೆಯಲ್ಲೇ. ಗೆಡ್ಡೆಯೇನೇ?”

ಮೇಡಂ ಎದ್ದು ತೆರೆಯ ಹತ್ತಿರ ಹೋದರು. ಕನ್ನಡಕ ಸರಿಮಾಡಿಕೊಂಡರು. “ರೀ, ಆಕ್ಸಿಡೆಂಟಿನ ದಿನ ಬೆಳಿಗ್ಗೆ ಏನು ತಿಂಡಿ?”

“ಉಪ್ಪಿಟ್ಟು.”

“ಅದೇ ಇದು! ನಿಮ್ಮ ಉಪ್ಪಿಟ್ಟು! ನೋಡಿ, ಗಂಟುಗಂಟು!”

“ಗಂಟಿರಲಿಲ್ಲ,” ಎಂದರು ಯಜಮಾನರು, ಕುರ್ಚಿಯಿಂದ ಎದ್ದು.

“ಇಲ್ಲೊಂದು, ಇಲ್ಲೊಂದು. ಸ್ಕ್ಯಾನು ಸುಳ್ಳು ಹೇಳತ್ತಾ?”

“ನೀನು ಸರಿಯಾಗಿ ಅಗೀದೆ ನುಂಗಿದೀಯ. ಅದು ನಿನ್ನ ಗಂಟು.”

ಸಾಕ್ಷಿಯಾಗಿ ನನ್ನನ್ನು ಕರೆದರು. ಬೂದು ಬಣ್ಣದಲ್ಲಿ ರವೆಯ ಗಂಟನ್ನು ಗುರುತಿಸುವುದು ನನ್ನಿಂದ ಸಾಧ್ಯವಿಲ್ಲ ಎಂದೆ. ಇಬ್ಬರೂ ನನ್ನನ್ನು ಬೈದರು. ಆಮೇಲೆ ಯಜಮಾನರಿಗೆ ನಗು ಬಂತು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಣ್ಣೊರೆಸಿಕೊಳ್ಳುತ್ತಾ, “ಹಾಕಪ್ಪ, ಹಾಕು,” ಎಂದರು. “ಲೋಕದ ಡಾಕ್ಟರುಗಳೆಲ್ಲ ನನ್ನ ಉಪ್ಪಿಟ್ಟು ನೋಡ್ಲಿ.”

ಹ್ಞೂಂ ಸಿಕ್ಕಿಬಿಟ್ಟಿತ್ತು. ಮೇಡಂ ಚಪ್ಪಾಳೆ ತಟ್ಟಿದರು. ಯಜಮಾನರು ಇನ್ನೂ ಮೇಲಕ್ಕೆ, ಎದೆಗೆ ಹೋದರು.

ಅಲ್ಲಿ ಬೆಳಕು ಸಿಡಿದಿತ್ತು. ಎದೆಯ ಮುಂಭಾಗದಲ್ಲಿ ಎರಡು ಬಿಳಿ ಚುಕ್ಕೆಗಳು, ಅವುಗಳಿಂದ ಹೊರಟ ಬಿಳಿ ಗೆರೆಗಳು, ಗೆರೆಗಳ ನಡುವೆ ಕಪ್ಪು ಪಟ್ಟಿಗಳು, ನೇರವಾಗಿ ಹೃದಯದ ಮೇಲೆ. ಮುಂದಿನ ಬಿಲ್ಲೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ.

“ನಕ್ಷತ್ರದ ಹಂಗಿದೆ. ಏನೇ ಇದು?” ಎಂದರು ಯಜಮಾನರು.

ಮೇಡಂ ಕೊರಳಿಗೆ ಕೈ ಹಾಕಿ, ತಾಳಿಯ ಎರಡು ಬೊಟ್ಟುಗಳನ್ನು ಎತ್ತಿ ತೋರಿಸಿದರು. ಕುತ್ತಿಗೆಗೆ ಪಟ್ಟಿ ಕಟ್ಟಿದ್ದರಿಂದ ಸರ ತೆಗೆಯಲು ಆಗಿರಲಿಲ್ಲ. ಕತ್ತರಿಸಲೇ ಎಂದು ನರ್ಸು ಕೇಳಿದಾಗ ಇವರೇ ಬೇಡವೆಂದಿದ್ದರು. ಲೋಹ ಅಡ್ಡ ಬಂದರೆ ಸ್ಕ್ಯಾನಿನಲ್ಲಿ ಹೀಗೆ ಸುಳ್ಳು ಗೆರೆಗಳು ಹುಟ್ಟುತ್ತವೆ. ಆ ಗೆರೆಗಳ ಅಡಿಯಲ್ಲಿ ಹೃದಯದ ಗೋಡೆ ಎಲ್ಲಿ ಮುಗಿಯುತ್ತದೆ ಎಂದು ಯಾರೂ ಹೇಳಲಾರರು.

ಇಂಥ ಬಿಲ್ಲೆಗಳ ವಿಷಯದಲ್ಲಿ ಮೇಡಂ ಅವರ ನಿಯಮ ನಮಗೆಲ್ಲ ಗೊತ್ತಿತ್ತು. ಹುಳುಕು ಹಲ್ಲಿಗೆ ತುಂಬಿದ ಬೆಳ್ಳಿಯಿಂದ ಗೆರೆ ಬಿದ್ದ ಚಿತ್ರಗಳನ್ನು ಮ್ಯಾನೇಜರು ಎಷ್ಟು ಕೇಳಿಕೊಂಡರೂ ಒಳಗೆ ಬಿಟ್ಟಿರಲಿಲ್ಲ. ಓದುವ ಮಕ್ಕಳು, ಇಲ್ಲದ ರೋಗವನ್ನು ಇದೆಯೆಂದು ಕಾಣಲು ಕಲಿಯುತ್ತಾರೆ ಎನ್ನುತ್ತಿದ್ದರು. ಈಗ ತಮ್ಮ ಗಂಡನಿಗೆ ಅದನ್ನೇ ಹೇಳಿದರು: “ಎದೆ ಬೇಡ ರೀ. ಹೊಟ್ಟೆ, ಸೊಂಟ ಹಾಕ್ಲಿ.”

“ಯಾಕೆ ಬೇಡ? ಅದು ನಾನು ಕಟ್ಟಿದ್ದು. ಅದರಲ್ಲೇನು ತಪ್ಪು?”

“ತಾಳೀದು ತಪ್ಪಲ್ಲ. ಚಿತ್ರ ತಪ್ಪು.”

“ಇನ್ನೊಂದ್ ಸಲ ಸ್ಕ್ಯಾನ್ ಮಾಡಿಸೋಣ.”

“ಕಾಯಿಲೆ ಇಲ್ದೆ ಯಾರು ಮಾಡ್ತಾರೆ?” ಎಂದು ನನ್ನ ಕಡೆ ತಿರುಗಿ, “ಇನ್ನೊಂದು ಆಕ್ಸಿಡೆಂಟು ಮಾಡಿಸ್ತೀಯೇನೋ ಮಾರಾಯ? ಈ ಸಲ ತೆಗೆದಿಟ್ಟು ಬರ್ತೀನಿ,” ಎಂದರು. ಭುಜ ಕುಣಿಯಿತು. ಸದ್ದು ಬರಲಿಲ್ಲ.

ಇದಾದ ಮೇಲೆ ಎಷ್ಟೋ ದಿನ ಆ ಮನೆಯಲ್ಲಿ ವಾದ ತಿರುಗುಮುರುಗಾಗಿ ನಡೆಯಿತು. ಹಾಕಬೇಡ ಎಂದವರು ಹಾಕು ಎನ್ನುತ್ತಿದ್ದರು, ಹಾಕಬೇಕು ಎಂದವರು ಬೇಡ ಎನ್ನುತ್ತಿದ್ದರು. ಯಜಮಾನರು ನನಗೆ ಫೋನ್ ಮಾಡಿ, “ನೀನು ಪ್ರೋಗ್ರಾಮು ಬರೆಯೋನಲ್ವಾ, ಆ ಗೆರೆ ಒರೆಸಿಬಿಡಪ್ಪ,” ಎಂದರು. ಒರೆಸಲು ನೋಡಿದೆ. ಗೆರೆಯ ಜೊತೆ ಹೃದಯದ ಅಂಚೂ ಹೋಗುತ್ತಿತ್ತು. ಮೇಡಂಗೆ ತೋರಿಸಿದೆ. “ಇದು ನನ್ನ ಹೃದಯ ಅಲ್ಲ, ನಿನ್ನ ಕಲ್ಪನೆ,” ಎಂದರು. ಮುಖ ಅಳಿಸುವ ಗೋಜೇ ಬೇಡವೆಂದು ತಲೆಯನ್ನೂ ಬಿಟ್ಟೆವು. ಕೊನೆಗೆ ಒಂದು ಮಧ್ಯಾಹ್ನ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಬೇರೆ ಯಾರದ್ದೋ ಚಿತ್ರವೆಂಬಂತೆ, ತಮ್ಮ ಎದೆಯ ಬಿಲ್ಲೆಗಳನ್ನು ಒಂದೊಂದಾಗಿ ತಿರಸ್ಕರಿಸಿದರು. ಕಾರಣದ ಜಾಗದಲ್ಲಿ ಎಲ್ಲರಿಗೂ ಬರೆಯುವ ಹಾಗೆ ಇಂಗ್ಲಿಷಿನಲ್ಲಿ ಬರೆದರು: ಲೋಹದ ಗೆರೆ, ರೋಗವಲ್ಲ. ಒಂದು ಬಿಲ್ಲೆಯ ಮುಂದೆ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. “ಎಂಥಾ ಒಳ್ಳೇ ಪುಪ್ಪುಸ ನೋಡು. ಒಂದು ಕಲೆ ಇಲ್ಲ,” ಎಂದರು. ಆಮೇಲೆ ಅದನ್ನೂ ತಿರಸ್ಕರಿಸಿದರು. “ಅರ್ಧ ಹೆಂಗಸಾದೆ ಕಣಯ್ಯ.”

ಆ ಅರ್ಧ ಹೆಂಗಸು ಎಲ್ಲರಿಗೂ ಬಹಳ ಹಿಡಿಸಿದಳು. ಒತ್ತಿಕೊಂಡು ನಿಂತ ಅಂಗಗಳು ಮೊದಲ ಸಲ ಅರ್ಥವಾದವು ಎಂದು ವಿದ್ಯಾರ್ಥಿಗಳು ಬರೆದರು. ಮೇಡಂ ಅವನ್ನು ಓದಿ ಕುಣಿದರು, ನಿಜವಾಗಿಯೇ, ಪ್ರಿಂಟರಿನ ಪಕ್ಕದಲ್ಲಿ. ಎದೆಯ ವಿಷಯ ಅವರು ಮತ್ತೆ ಎತ್ತಲಿಲ್ಲ. ಯಾರಾದರೂ ಎದೆಯ ಭಾಗ ಯಾವಾಗ ಬರುತ್ತದೆ ಎಂದು ಕೇಳಿದರೆ, ಬೇರೆ ಪ್ರಶ್ನೆಗೆ ಹೋಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ನಿದ್ದೆಯಲ್ಲೇ ಹೋದರು ಎಂದು ಮಗಳು ಹೇಳಿದಳು. ನಾನು ನೋಡಿದ್ದಲ್ಲವಾದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಕೆಲವು ವಾರಗಳಾದ ಮೇಲೆ ಯಜಮಾನರು ಫೋನ್ ಮಾಡಿದರು. ಊಟ ಆಯಿತೇ ಎಂದು ಕೇಳಿದರು. ಆಫೀಸು ಹೇಗಿದೆ ಎಂದರು. ಆಮೇಲೆ, “ಅಲ್ಲಪ್ಪ, ಆ ಎದೆ ಭಾಗ,” ಎಂದರು. “ಈಗ ಹಾಕೋಕಾಗತ್ತಾ? ಬೇಡ ಅನ್ನೋಕೆ ಈಗ ಅವಳಿಲ್ಲ.”

ನಾನು ಹೇಳಿದೆ: “ಮೇಡಂ ಒಪ್ತಿರಲಿಲ್ಲ ಸರ್.”

“ಗೊತ್ತು,” ಎಂದರು. ನಕ್ಕ ಹಾಗೆ ಕೇಳಿಸಿತು. “ಕೇಳಿ ನೋಡೋಣ ಅಂತ. ಅವಳಿಗೆ ಪೂರ್ತಿ ಇರ್ಬೇಕು ಅಂತ ಎಷ್ಟು ಆಸೆ ಇತ್ತು ಅಂತ ನಿನಗೂ ಗೊತ್ತಲ್ಲ.”

ಗೊತ್ತಿತ್ತು. ಆ ವಾರವೇ ಇನ್ನೊಂದು ಕೆಲಸ ನನ್ನ ಮೇಜಿಗೆ ಬಂದಿತ್ತು. ಚಿತ್ರಗಳು ಹೇಗೆಲ್ಲ ಸುಳ್ಳು ಹೇಳಬಹುದು ಎಂಬುದನ್ನು ಕಲಿಸುವ ಒಂದು ಹೊಸ ಪುಟ ಬೇಕೆಂದು ಕಾಲೇಜುಗಳು ಕೇಳಿದ್ದವು. ಅಲುಗಾಡಿದ ರೋಗಿ, ಹಲ್ಲಿನ ಬೆಳ್ಳಿ, ಕೀಲಿನ ಸ್ಕ್ರೂ, ಇಂಥವು. ಮೇಡಂ ತಿರಸ್ಕರಿಸಿದ ಬಿಲ್ಲೆಗಳೆಲ್ಲ ಅವರ ಕಾರಣಗಳ ಸಮೇತ ನಮ್ಮಲ್ಲಿದ್ದವು. ಅವೇ ಆ ಪುಟ. ಅವುಗಳಲ್ಲಿ ಅವರ ಎದೆಯೂ ಇತ್ತು. ಇದನ್ನು ನಾನು ಯಜಮಾನರಿಗೆ ನಿಧಾನವಾಗಿ ವಿವರಿಸಿದೆ. ಸರಿಯಾದ ಅಂಗರಚನೆ ಎಂದು ತೋರಿಸುವುದಿಲ್ಲ, ತಪ್ಪು ಚಿತ್ರ ಎಂದೇ ತೋರಿಸುತ್ತೇವೆ. ನಿಯಮ ಮುರಿದ ಹಾಗಾಗುವುದಿಲ್ಲ, ಅವರ ಎದೆಯೂ ಒಳಗೆ ಬಂದ ಹಾಗಾಗುತ್ತದೆ ಎಂದೆ.

ಅವರು ಕೇಳಿದ್ದು ಒಂದೇ:

“ಕೆಳಗೆ ಏನಂತ ಬರೆದಿರತ್ತೆ?”

“ಮೇಡಂ ಬರೆದದ್ದೇ ಸರ್. ಲೋಹದ ಗೆರೆ, ರೋಗವಲ್ಲ.”

“ಲೋಹ ಅಂದ್ರೆ? ಸ್ಟೀಲೂ ಲೋಹ, ಹಿತ್ತಾಳೇನೂ ಲೋಹ. ಇನ್ನೊಬ್ಬರದ್ದಾದ್ರೆ ಇಷ್ಟಕ್ಕೆ ಬಿಡ್ತಿದ್ಲಾ ಅವಳು? ಯಾವ ಲೋಹ ಬರೆಯೋ ಅಂತ ಹಿಂಸೆ ಮಾಡ್ತಿರ್ಲಿಲ್ವಾ ನಿಮ್ಮನ್ನ? ಚಿನ್ನ ಅಂತ ಬರಿ.”

ಅವರು ಹೇಳಿದ್ದು ಸರಿ. ಲೋಹ ಎಂಬುದನ್ನು ತೆಗೆದು ಚಿನ್ನ ಎಂದು ಬರೆದೆ. ಪುಟ ಹೊರಗೆ ಹೋಯಿತು.

ಮೊನ್ನೆ ಬರ್ಕ್ಲಿಯ ಒಬ್ಬಳು ವಿದ್ಯಾರ್ಥಿನಿಯಿಂದ ಪ್ರಶ್ನೆ ಬಂತು. ಒಳ್ಳೆಯ ಪ್ರಶ್ನೆ. ಮೇಡಂ ಇದ್ದಿದ್ದರೆ ಅವಳನ್ನು ಕರೆಸಿ ಕೂರಿಸಿಕೊಳ್ಳುತ್ತಿದ್ದರು. ಇಂಥ ಗೆರೆ ನೋಡಿ ಲೋಹ ಎಂದು ಹೇಳಬಹುದು, ಯಾವ ಲೋಹ ಎಂದು ಹೇಳಲು ಬರುವುದಿಲ್ಲ ಎಂದು ನಮಗೆ ಕಲಿಸಿದ್ದಾರೆ, ಇದು ಚಿನ್ನವೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಳು.

ಅದನ್ನು ಕಟ್ಟಿದವರು ಹೇಳಿದರು, ಎಂದು ಉತ್ತರ ಬರೆದೆ.